ಬೆಕ್ಕು ಯಾಕ ಹಿಂಗ ಮಾಡ್ತೈತಿ?

ಬೆಳಗಿನ ಐದು ಗಂಟೆ. ಇನ್ನೂ ಕತ್ತಲು. ಮನೆಯವರೆಲ್ಲ ಮಲಗಿದ್ದಾರೆ. ಆಗ ಕೌದಿಯ ಮೇಲೆ ಯಾರೋ ಮೆಲ್ಲಗೆ ಹತ್ತಿದರು. ಕೆನ್ನೆಗೆ ಏನೋ ತಣ್ಣಗೆ ತಾಗಿತು. ಕಣ್ಣು ಬಿಟ್ಟರೆ ಎದುರಿಗೆ ಎರಡು ಹಸಿರು ದೀಪ!

"ಮಿಯಾಂವ್!"

"ಏ, ಸುಮ್ನ ಬಿದ್ಕೋ. ನಳಾ ಬಂದಿಲ್ಲ, ಹಾಲಿನಾಂವ ಬಂದಿಲ್ಲ. ನಿಂದೇನು ಅವಸರ?"

ಬೆಕ್ಕು ಇರುವ ಮನೆಯಲ್ಲಿ ಈ ಮಾತು ದಿನವೂ ನಡೆಯುತ್ತದೆ.

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಬೆಕ್ಕಿಲ್ಲದ ಓಣಿ ಸಿಗುವುದು ಕಷ್ಟ. ಕೆಲವು ಬೆಕ್ಕುಗಳಿಗೆ ಒಂದೇ ಮನೆ. ಕೆಲವಕ್ಕೆ ಮೂರು ಮನೆ. ಒಂದು ಮನೆಯಲ್ಲಿ ಬೆಳಗಿನ ಹಾಲು. ಇನ್ನೊಂದು ಮನೆಯಲ್ಲಿ ಮಧ್ಯಾಹ್ನದ ಮೀನಿನ ಮುಳ್ಳು. ಮತ್ತೊಂದು ಮನೆಯಲ್ಲಿ ನಿದ್ದೆ. ಮೂರೂ ಮನೆಯವರು "ಇದು ನಮ್ಮ ಬೆಕ್ಕು" ಅನ್ನುತ್ತಾರೆ. ಬೆಕ್ಕು ಮಾತ್ರ ಯಾರಿಗೂ ಹೂಂ ಅನ್ನುವುದಿಲ್ಲ.

ಸಂತೆಯಿಂದ ಹೊಸ ಬುಟ್ಟಿ ತಂದರೆ ಮೊದಲು ಬೆಕ್ಕು ಅದರಲ್ಲಿ ಕೂತು ನೋಡುತ್ತದೆ. ಮಡಚಿಟ್ಟ ಇಳಕಲ್ ಸೀರೆ ಕಂಡರೆ ಅದರ ಮೇಲೆಯೇ ಮಲಗುತ್ತದೆ. ಬಾಗಿಲು ಮುಚ್ಚಿದರೆ ತೆಗೆ ಎಂದು ಕೂಗುತ್ತದೆ. ತೆಗೆದರೆ ಹೊಸ್ತಿಲ ಮೇಲೆ ನಿಂತು ಬಿಡುತ್ತದೆ. ಒಳಗೂ ಬರುವುದಿಲ್ಲ. ಹೊರಗೂ ಹೋಗುವುದಿಲ್ಲ.

"ಇದಕ್ಕ ತಲಿ ಕೆಟ್ಟೈತಿ ನೋಡವಾ" ಅನ್ನುತ್ತೇವೆ.

ತಲೆ ಕೆಟ್ಟಿಲ್ಲ. ಬೆಕ್ಕು ಮಾಡುವ ಒಂದೊಂದು ಕೆಲಸಕ್ಕೂ ಕಾರಣ ಇದೆ. ಅದು ತಿಳಿಯದೆ ನಾವು ಬೆಕ್ಕನ್ನು ಹೊಡೆಯುತ್ತೇವೆ. ಇಲ್ಲವೇ ಅದಕ್ಕೆ ಹೆದರುತ್ತೇವೆ. ಕೆಲವು ಸಲ ಹೆದರಬೇಕಾದ ಕಡೆ ಹೆದರುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಜೋಳದ ಚೀಲ ಮತ್ತು ಬೆಕ್ಕು

ಬೆಕ್ಕು ಮನುಷ್ಯರ ಮನೆಗೆ ಪ್ರೀತಿ ಹುಡುಕಿಕೊಂಡು ಬರಲಿಲ್ಲ. ಇಲಿ ಹುಡುಕಿಕೊಂಡು ಬಂತು. ಮನುಷ್ಯರು ಬೇಸಾಯ ಕಲಿತರು. ಕಾಳು ಕೂಡಿಟ್ಟರು. ಕಾಳಿಗೆ ಇಲಿ ಬಂತು. ಇಲಿಯ ಹಿಂದೆ ಕಾಡುಬೆಕ್ಕು ಬಂತು. ಯಾರೂ ಕರೆಯಲಿಲ್ಲ, ಯಾರೂ ಓಡಿಸಲಿಲ್ಲ. ಸೈಪ್ರಸ್ ಎಂಬ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಅಲ್ಲಿ ಮನುಷ್ಯನ ಪಕ್ಕದಲ್ಲಿಯೇ ಒಂದು ಬೆಕ್ಕನ್ನೂ ಹೂಳಿದ್ದರು. ನಂಟು ಅಷ್ಟು ಹಳೆಯದು.

ನಮ್ಮ ಕಡೆ ಜೋಳವನ್ನು ಹಿಂದೆ ಹಗೇವಿನಲ್ಲಿ ತುಂಬಿಡುತ್ತಿದ್ದರು. ಈಗ ಚೀಲದಲ್ಲಿ, ಡಬ್ಬಿಯಲ್ಲಿ ಇಡುತ್ತೇವೆ. ಜೋಳ, ಶೇಂಗಾ, ಕುಸುಬಿ ಯಾವುದಾದರೂ ಇಲಿಗೆ ಹಬ್ಬವೇ. ಹೆಣ್ಣು ಇಲಿ ಬಸಿರಾದ ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸಲಕ್ಕೆ ಆರು, ಎಂಟು, ಹತ್ತು ಮರಿ. ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೂ ಮರಿ ಹಾಕುತ್ತವೆ. ಇಲಿ ಕಾಳನ್ನು ತಿನ್ನುವುದಷ್ಟೇ ಅಲ್ಲ. ಹಿಕ್ಕೆ, ಉಚ್ಚೆ ಬಿಟ್ಟು ಉಳಿದದ್ದನ್ನೂ ಹಾಳು ಮಾಡುತ್ತದೆ.

ಹುಬ್ಬಳ್ಳಿಯ ಜನ ಇಲಿಯ ಭಯವನ್ನು ಚೆನ್ನಾಗಿ ಕಂಡವರು. 1898ರಲ್ಲಿ ಈ ಊರಿನಲ್ಲಿ ಪ್ಲೇಗು ಹಬ್ಬಿತ್ತು. ಮುಂಬೈಯಿಂದ ಬಂದ ಬೇನೆ ಅದು. ಮನೆಯಲ್ಲಿ ಇಲಿ ಬಿದ್ದು ಸತ್ತರೆ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸಾವಿರಾರು ಮಂದಿ ಸತ್ತರು. ಹಾಫ್ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬೈಯಲ್ಲಿ ತಯಾರಿಸಿದ ಚುಚ್ಚುಮದ್ದನ್ನು ಹುಬ್ಬಳ್ಳಿಯಲ್ಲಿ ಬಹಳ ಮಂದಿಗೆ ಹಾಕಿದರು. ಪ್ಲೇಗನ್ನು ತರುವುದು ಇಲಿಯ ಮೈಮೇಲಿನ ಚಿಗಟ ಎಂದು ಆ ಕಾಲದಲ್ಲಿಯೇ ಗೊತ್ತಾಯಿತು. ಈಗ ಪ್ಲೇಗಿಗೆ ಔಷಧ ಇದೆ. ಆದರೂ ಓಣಿಯಲ್ಲಿ ಕಾರಣ ಇಲ್ಲದೆ ಇಲಿಗಳು ಸಾಲಾಗಿ ಸತ್ತರೆ ಸುಮ್ಮನೆ ಇರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ.

ಬೆಕ್ಕು ಇಲಿ ಹಿಡಿಯಲಿ ಎಂದು ಕೆಲವರು ಅದನ್ನು ಉಪವಾಸ ಕೆಡವುತ್ತಾರೆ.

"ಹೊಟ್ಟಿ ತುಂಬ ಹಾಕಿದ್ರ ಇಲಿ ಹಿಡಿಯಂಗಿಲ್ಲ ಅದು. ಸೋಮಾರಿ ಆಗ್ತೈತಿ" ಎಂದು ಹಿರಿಯರು ಹೇಳುವುದುಂಟು.

ಇದು ಸರಿಯಲ್ಲ. ಬೇಟೆ ಬೆಕ್ಕಿನ ರಕ್ತದಲ್ಲಿಯೇ ಇದೆ. ಹೊಟ್ಟೆ ತುಂಬಿದ್ದರೂ ಅದು ಬೇಟೆ ಬಿಡುವುದಿಲ್ಲ. ಇಲಿಯ ಬಿಲದ ಮುಂದೆ ತಾಸುಗಟ್ಟಲೆ ಕಾಯಲು ಮೈಯಲ್ಲಿ ಕಸುವು ಬೇಕಲ್ಲ? ಹಸಿದ ಬೆಕ್ಕು ಅಷ್ಟು ಕಾಯುವುದಿಲ್ಲ. ಪಕ್ಕದ ಮನೆಯ ನೆಲುವಿಗೆ ಹಾರುತ್ತದೆ. ಆಮೇಲೆ ಜಗಳ ನಮಗೂ ಪಕ್ಕದ ಮನೆಯವರಿಗೂ.

ಇನ್ನೊಂದು ಮಾತು. ಬೆಕ್ಕು ಹಿಡಿಯುವುದು ಹೆಚ್ಚಾಗಿ ಸಣ್ಣ ಇಲಿಯನ್ನು. ಗಟಾರದ ದೊಡ್ಡ ಹೆಗ್ಗಣ ಎದುರಾದರೆ ಬಹಳ ಬೆಕ್ಕುಗಳು ತಾವೇ ದಾರಿ ಬಿಡುತ್ತವೆ. ಅದಕ್ಕೇ ಬೆಕ್ಕಿದೆ ಎಂದು ಜೋಳದ ಚೀಲ ತೆರೆದಿಡಬಾರದು. ಮುಚ್ಚಳ ಇರುವ ಡಬ್ಬಿ ಬೇಕು. ಗೋಡೆಯ ತೂತು ಮುಚ್ಚಬೇಕು. ಬೆಕ್ಕು ಇರುವ ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕೂ ಸಾಯಬಹುದು.

ಬೇಟೆಗಾಗಿಯೇ ಆದ ಮೈ

ಬೆಳಗಿನ ಐದಕ್ಕೆ ಬೆಕ್ಕು ಎಬ್ಬಿಸುತ್ತದೆ ಅಂದೆವಲ್ಲ. ಅದು ಯಾಕೆ ಗೊತ್ತೇ? ಬೆಳಗಿನ ಜಾವ ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು. ನಾವು ಏಳುವ ಮೊದಲೇ ಅದರ ಕೆಲಸದ ಪಾಳಿ ಶುರು. ಉಳಿದ ಹೊತ್ತು ನಿದ್ದೆ. ದಿನಕ್ಕೆ 12ರಿಂದ 16 ತಾಸು ಬೆಕ್ಕು ಮಲಗುತ್ತದೆ. "ನನ್ನ ಹಣ್ಯಾಗ ಆ ಬೆಕ್ಕಿನ ನಿದ್ದಿ ಬರೀಲಿಲ್ಲಲ್ಲ ದೇವರು" ಎಂದು ಒಬ್ಬ ಅಕ್ಕ ಹೇಳುತ್ತಿದ್ದಳು. ಆಕೆ ನಾಲ್ಕು ಮನೆಯ ಮುಸುರೆ ತಿಕ್ಕುವವಳು. ಆಕೆಯ ಮಾತಿನಲ್ಲಿ ನಗುವೂ ಇತ್ತು, ದಣಿವೂ ಇತ್ತು.

ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದನ್ನು ಕಂಡು ಮಕ್ಕಳು ಹೆದರುತ್ತವೆ. ದೆವ್ವ ಅನ್ನುತ್ತವೆ. ಬೆಕ್ಕಿನ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಹೋದ ಬೆಳಕು ಅದಕ್ಕೆ ಬಡಿದು ಮರಳಿ ಬರುತ್ತದೆ. ಅದೇ ಹೊಳಪು. ನಮಗೆ ಬೇಕಾಗುವ ಬೆಳಕಿನ ಆರನೇ ಒಂದು ಪಾಲು ಇದ್ದರೆ ಬೆಕ್ಕಿಗೆ ಸಾಕು. ಆದರೆ ಸ್ವಲ್ಪವೂ ಬೆಳಕಿಲ್ಲದ ಕಡೆ ಅದಕ್ಕೂ ಕಾಣುವುದಿಲ್ಲ. ಆಗ ಮೀಸೆಯೇ ಕಣ್ಣು. ಸಂದಿಯಲ್ಲಿ ನುಗ್ಗಬಹುದೋ ಇಲ್ಲವೋ ಎಂದು ಮೀಸೆಯಿಂದ ಅಳೆಯುತ್ತದೆ. ಮಕ್ಕಳು ಆಟಕ್ಕೆ ಬೆಕ್ಕಿನ ಮೀಸೆ ಕತ್ತರಿಸುವುದುಂಟು. ಬಿಡಬೇಡಿ.

ಬುಟ್ಟಿಯಲ್ಲಿ ಕೂಡುವುದೂ ಇದೇ ಜಾತಿಯ ಬುದ್ಧಿ. ಸುತ್ತ ಗೋಡೆ ಇದ್ದರೆ ಹಿಂದಿನಿಂದ ಯಾರೂ ಬರುವುದಿಲ್ಲ. ಮೈಗೆ ಬೆಚ್ಚಗೂ ಆಗುತ್ತದೆ. ಒಲೆಯ ಬೂದಿಯಲ್ಲಿ ಮಲಗುವುದೂ ಬೆಚ್ಚಗೆ ಇರಲಿ ಎಂದು.

ಕೌದಿಯ ಮೇಲೆ ನಿಂತು ಮುಂದಿನ ಎರಡು ಕಾಲಿನಿಂದ ಒತ್ತುತ್ತದೆಯಲ್ಲ? ರೊಟ್ಟಿ ಹಿಟ್ಟು ನಾದಿದ ಹಾಗೆ? ಅದನ್ನು ನೋಡಿ ನಗದವರು ಯಾರು! ಅದು ಎಳೆಯ ಮರಿಯಾಗಿದ್ದಾಗಿನ ನೆನಪು. ಮರಿಗಳು ತಾಯಿಯ ಹೊಟ್ಟೆಯನ್ನು ಹೀಗೆ ಒತ್ತುತ್ತಾ ಮೊಲೆ ಉಣ್ಣುತ್ತವೆ. ಒತ್ತಿದರೆ ಹಾಲು ಇಳಿಯುತ್ತದೆ. ದೊಡ್ಡದಾದ ಮೇಲೂ ಮೆತ್ತನೆಯದು ಕಾಲಿಗೆ ಸಿಕ್ಕರೆ ಅದಕ್ಕೆ ತಾಯಿಯ ಹೊಟ್ಟೆಯ ನೆನಪು.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ" ಎಂಬ ಗಾದೆ ನಿಮಗೆ ಗೊತ್ತು. ಕಳ್ಳರ ಮೇಲಿನ ಗಾದೆ ಅದು. ಪಾಪ, ಬೆಕ್ಕು ಕಣ್ಣು ಮುಚ್ಚುವುದು ಕಳ್ಳತನಕ್ಕಲ್ಲ. ಭಯ ಇಲ್ಲದ ಕಡೆ ಬೆಕ್ಕು ಕಣ್ಣನ್ನು ಅರ್ಧ ಮುಚ್ಚುತ್ತದೆ. ನಿಮ್ಮ ಬೆಕ್ಕಿನ ಕಡೆ ನೋಡಿ ಮೆಲ್ಲಗೆ ಕಣ್ಣು ಮುಚ್ಚಿ ತೆರೆಯಿರಿ. ಅದೂ ಹಾಗೆಯೇ ಮಾಡಬಹುದು. ಇಂಗ್ಲೆಂಡಿನ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ 2020ರಲ್ಲಿ ಬರೆದರು. ಇದಕ್ಕೆ ಖರ್ಚಿಲ್ಲ. ಇವತ್ತು ಸಂಜೆಯೇ ಮಾಡಿ ನೋಡಿ.

ಹಾಲು, ಪೇಢೆ ಮತ್ತು ತೆನಾಲಿ ರಾಮ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಕೇಳದವರಿಲ್ಲ. ವಿಜಯನಗರದಲ್ಲಿ ಇಲಿಯ ಕಾಟ ಹೆಚ್ಚಾಯಿತಂತೆ. ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟ. ಅದಕ್ಕೆ ಹಾಲು ಹಾಕಲು ಒಂದು ಆಕಳನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬೆಕ್ಕು ಬಾಯಿ ಸುಟ್ಟುಕೊಂಡಿತು. ಮುಂದೆ ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ರಾಮಕೃಷ್ಣನ ಹೊಟ್ಟೆಗೆ! ಕತೆ ಕೇಳಲು ಚೆಂದ. ಆ ಬೆಕ್ಕಿನ ಬಾಯಿಯ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

ಆದರೆ ಆ ಬೆಕ್ಕಿಗೆ ಹಾಲು ತಪ್ಪಿದ್ದರಿಂದ ದೊಡ್ಡ ನಷ್ಟ ಆಗಿರಲಿಕ್ಕಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಆಸೆಯಿಂದ ಕುಡಿಯುತ್ತವೆ. ಆಮೇಲೆ ಹೊಟ್ಟೆ ಜಾಡಿಸುತ್ತದೆ. ಸ್ವಲ್ಪ ಹಾಲು ಕೆಲವಕ್ಕೆ ನಡೆಯುತ್ತದೆ. ಬೆಕ್ಕಿಗೆ ದಿನವೂ ಬೇಕಾದದ್ದು ಶುದ್ಧ ನೀರು. ಒಂದು ಸಣ್ಣ ಬಟ್ಟಲಲ್ಲಿ ನೀರು ತುಂಬಿ ಮೂಲೆಯಲ್ಲಿಡಿ.

ನಮ್ಮ ಬಹಳ ಮನೆಗಳಲ್ಲಿ ಮೀನು, ಮಾಂಸ ಮಾಡುವುದಿಲ್ಲ. ಬೆಕ್ಕಿಗೂ ರೊಟ್ಟಿ-ಹಾಲು, ಅನ್ನ-ಮೊಸರು. ಅದು ಸುಮ್ಮನೆ ತಿಂದು ಹಿತ್ತಲಿಗೆ ಹೋಗುತ್ತದೆ. ಅಲ್ಲಿ ಇಲಿ, ಹಲ್ಲಿ, ಮಿಡತೆ ಹಿಡಿಯುತ್ತದೆ. ಬಯ್ಯಬೇಡಿ. ಮಾಂಸದಲ್ಲಿ ಸಿಗುವ ಒಂದು ಸತ್ವ ಇಲ್ಲದಿದ್ದರೆ ಬೆಕ್ಕಿನ ಕಣ್ಣು, ಎದೆಗುಂಡಿಗೆ ಕೆಡುತ್ತವೆ. ನಾವು ಕೊಡದ್ದನ್ನು ಅದು ತಾನೇ ಹುಡುಕಿಕೊಳ್ಳುತ್ತದೆ.

ಧಾರವಾಡದವರಿಗೆ ಒಂದು ಗಮ್ಮತ್ತಿನ ಸಂಗತಿ. ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ! ಅದರ ನಾಲಿಗೆಗೆ ಸಿಹಿಯ ರುಚಿ ತಿಳಿಯುವ ಶಕ್ತಿ ಇಲ್ಲ. ಯಾಕೆ ಇಲ್ಲ ಎಂಬುದನ್ನು 2005ರಲ್ಲಿ ವಿಜ್ಞಾನಿಗಳು ಕಂಡು ಹಿಡಿದರು. ಹಾಗಾದರೆ ಪೇಢೆಯ ಪೊಟ್ಟಣ ಯಾಕೆ ಹರಿಯುತ್ತದೆ? ಸಕ್ಕರೆಗಲ್ಲ, ಖವಾದ ಜಿಡ್ಡಿಗೆ. ಧಾರವಾಡದಲ್ಲಿ ಹುಟ್ಟಿ, ಪೇಢೆ ತಿಂದು, ಪೇಢೆಯ ಸಿಹಿ ಗೊತ್ತಿಲ್ಲದ ಜೀವ ಬೆಕ್ಕೊಂದೇ ಇರಬೇಕು.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಒಗ್ಗರಣೆ ಹಾಕಿದ ಸಾರು ಕಲಸಿ ಹಾಕಬೇಡಿ. ಬೆಕ್ಕಿಗೆ ಜ್ವರ ಬಂತೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆ ಕೊಡಲೇಬೇಡಿ. ಒಂದು ಗುಳಿಗೆ ಬೆಕ್ಕಿನ ಜೀವ ತೆಗೆಯಬಹುದು.

ಏಳು ಮನಿ ತಿರುಗುವ ತಾಯಿ

ಒಂದು ಮನೆಯಲ್ಲಿ ಸೊಸೆ ಬಾಣಂತಿ. ಅದೇ ಮನೆಯ ಅಟ್ಟದ ಮೇಲೆ ಬೆಕ್ಕೂ ಮರಿ ಹಾಕಿತು. ನಾಲ್ಕು ಮರಿ. ಅತ್ತೆಗೆ ಸಿಟ್ಟು ಬಂತು.

"ಬಾಣಂತಿ ಮನ್ಯಾಗ ಬೆಕ್ಕು ಛಲೋ ಅಲ್ಲ. ಮರಿ ಚೀಲದಾಗ ಹಾಕಿ ಮಾರ್ಕೆಟ್ಟಿನ್ಯಾಗ ಬಿಟ್ಟು ಬರ್ರಿ."

ಸೊಸೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮೆಲ್ಲಗೆ ಹೇಳಿದಳು: "ಅತ್ತೀ, ಅದೂ ನನ್ನಂಗ ಬಾಣಂತಿ ಐತ್ರಿ. ಅವಕ್ಕಿನ್ನೂ ಕಣ್ಣ ತೆರದಿಲ್ರಿ."

ಅತ್ತೆ ಏನೂ ಹೇಳಲಿಲ್ಲ. ಮರಿಗಳನ್ನು ಯಾರೂ ಒಯ್ಯಲಿಲ್ಲ. ನಾಲ್ಕು ದಿನಕ್ಕೆ ತಾಯಿಬೆಕ್ಕೇ ಒಂದೊಂದು ಮರಿಯನ್ನು ಕುತ್ತಿಗೆ ಹಿಡಿದು ಹಿತ್ತಲ ಕಟ್ಟಿಗೆ ಕೋಣೆಗೆ ಸಾಗಿಸಿತು.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮಲ್ಲಿ ಮಾತಿದೆ. ಏಳೇ ಎಂಬ ಲೆಕ್ಕ ಬೆಕ್ಕಿಗಿಲ್ಲ. ಆದರೆ ತಿರುಗಿಸುವುದು ನಿಜ. ಒಂದೇ ಕಡೆ ಇದ್ದರೆ ಮರಿಗಳ ವಾಸನೆ ಹಬ್ಬುತ್ತದೆ. ನಾಯಿ ಬರುತ್ತದೆ. ಗಂಡು ಬೆಕ್ಕು ಬಂದು ಮರಿಗಳನ್ನು ಕೊಲ್ಲುವುದೂ ಉಂಟು. ಮನೆಯವರು ಮೇಲಿಂದ ಮೇಲೆ ಇಣುಕಿದರೂ ತಾಯಿ ಜಾಗ ಬದಲಿಸುತ್ತದೆ. ಕುತ್ತಿಗೆ ಕಚ್ಚಿ ಹಿಡಿದರೆ ಮರಿಗೆ ನೋವಾಗುವುದಿಲ್ಲ. ಅದು ಕಾಲು ಮಡಚಿ ಸುಮ್ಮನೆ ತೂಗುತ್ತದೆ. ಮರಿಗಳು ಮಾತ್ರ ಕಂಡು ತಾಯಿ ಕಾಣದಿದ್ದರೆ ಅನಾಥ ಎಂದು ಎತ್ತಬೇಡಿ. ತಾಯಿ ಬೇಟೆಗೆ ಹೋಗಿರುತ್ತದೆ.

ಮರಿ ಕಣ್ಣು ತೆರೆಯಲು ಏಳೆಂಟು ದಿನ, ಹತ್ತು ದಿನ ಬೇಕು. ಎರಡು ತಿಂಗಳು ತಾಯಿಯ ಹತ್ತಿರ ಇರಬೇಕು. ಅದಕ್ಕೂ ಮೊದಲು ಚೀಲದಲ್ಲಿ ಕಟ್ಟಿ ಎಲ್ಲಿ ಬಿಟ್ಟರೂ ಹೆಚ್ಚಾಗಿ ಸಾಯುತ್ತವೆ. ಮರಿ ಬೇಡವೆಂದರೆ ಬೇರೆ ದಾರಿ ಇದೆ. ಬೆಕ್ಕು ಐದಾರು ತಿಂಗಳಿಗೇ ಬಸಿರಾಗಬಹುದು. ಬಸಿರು ಎರಡು ತಿಂಗಳು. ವರ್ಷಕ್ಕೆ ಎರಡು ಮೂರು ಸಲ ಹಡೆಯಬಹುದು. ಪಶು ವೈದ್ಯರಿಂದ ಆಪರೇಷನ್ ಮಾಡಿಸಿದರೆ ಇದು ನಿಲ್ಲುತ್ತದೆ.

ಬಾಣಂತಿ ಮನೆಗೆ ಬೆಕ್ಕು ಕೆಟ್ಟದ್ದು ಎಂದು ಎಲ್ಲರೂ ನಂಬುವುದಿಲ್ಲ. ನಾವು ಐದನೆಯ ದಿನ ಶೆಟಿಗೆವ್ವನ ಪೂಜೆ ಮಾಡುತ್ತೇವಲ್ಲ, ಹಾಗೆ ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠಿ ದೇವಿಯ ಪೂಜೆ ಇದೆ. ಆ ದೇವಿಯ ವಾಹನವೇ ಬೆಕ್ಕು! ಬೆಕ್ಕು ಅಡ್ಡ ಬಂದರೆ ನಮಗೆ ಅಪಶಕುನ. ಜಪಾನಿನಲ್ಲಿ ಅಂಗಡಿಯ ಮುಂದೆ ಕೈ ಎತ್ತಿದ ಬೆಕ್ಕಿನ ಗೊಂಬೆ ಇಡುತ್ತಾರೆ, ಲಕ್ಷ್ಮಿ ಬರಲೆಂದು. ಬೆಕ್ಕು ಒಂದೇ, ಶಕುನ ಬೇರೆ ಬೇರೆ. ಬೆಕ್ಕು ಅಡ್ಡ ಬಂತೆಂದು ನಿಂತು ಬಸ್ಸು ತಪ್ಪಿಸಿಕೊಂಡವರಿದ್ದಾರೆ. ಬಸ್ಸು ತಪ್ಪಿದ್ದು ಬೆಕ್ಕಿನಿಂದಲೋ, ನಿಂತದ್ದರಿಂದಲೋ?

ಹೆದರಬೇಕಾದದ್ದು ಇಲ್ಲಿ

ಬೆಕ್ಕು ಅಡ್ಡ ಬಂದರೆ ಹೆದರುತ್ತೇವೆ. ಬೆಕ್ಕು ಪರಚಿದರೆ "ಅಯ್ಯ, ಏನಾಗ್ತೈತಿ ಬಿಡಬೇ" ಅನ್ನುತ್ತೇವೆ. ಇದು ತಿರುವುಮುರುವು.

ಹುಚ್ಚು ನಾಯಿಯ ರೋಗಕ್ಕೆ ರೇಬೀಸ್ ಅನ್ನುತ್ತಾರೆ. ನಮ್ಮಲ್ಲಿ ಅದು ಹೆಚ್ಚಾಗಿ ನಾಯಿಯಿಂದ ಬರುತ್ತದೆ. ಬೆಕ್ಕಿನಿಂದಲೂ ಬರುತ್ತದೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಚಿಕಿತ್ಸೆ ಮಾಡಿದರೆ ರೋಗ ಬಾರದಂತೆ ತಡೆಯಬಹುದು.

ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ, ಮೊದಲು ಗಾಯ ತೊಳೆಯಿರಿ. ಸಾಬೂನು ಹಚ್ಚಿ, ನೀರು ಹರಿಯಬಿಟ್ಟು, 15 ನಿಮಿಷ ತೊಳೆಯಬೇಕು. 15 ನಿಮಿಷ ಬಹಳ ಉದ್ದ ಅನಿಸುತ್ತದೆ. ಆದರೂ ಬಿಡಬೇಡಿ. ಅರಿಷಿಣ, ಸುಣ್ಣ, ಖಾರದ ಪುಡಿ, ಎಣ್ಣೆ ಏನೂ ಹಚ್ಚಬೇಡಿ. ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ. ಚುಚ್ಚುಮದ್ದು ಅಲ್ಲಿ ಪುಕ್ಕಟೆ.

"ಹೊಟ್ಟಿಗೆ 14 ಸೂಜಿ ಹಾಕ್ತಾರಂತ" ಎಂದು ಬಹಳ ಮಂದಿ ಹೆದರಿ ಹೋಗುವುದಿಲ್ಲ. ಅದು ಹಳೆಯ ಕಾಲದ ಮದ್ದು. 2005ರ ಹೊತ್ತಿಗೇ ನಿಂತು ಹೋಯಿತು. ಈಗ ತೋಳಿಗೆ ಹಾಕುತ್ತಾರೆ. ನಾಲ್ಕೈದು ಸಲ ಹೋಗಬೇಕು. ಗಾಯ ಒಣಗಿತೆಂದು ಮಧ್ಯದಲ್ಲಿ ಬಿಡಬಾರದು. ವೈದ್ಯರು ಕೊಟ್ಟ ಚೀಟಿಯಲ್ಲಿ ತಾರೀಖು ಬರೆದಿರುತ್ತಾರೆ. ಈಗ ನಿಮಗೆ ಓದಲು ಬರುತ್ತದೆ. ನೀವೇ ಓದಿ ನೋಡಿ, ಆ ದಿನ ತಪ್ಪದೆ ಹೋಗಿ. ಸಾಕಿದ ಬೆಕ್ಕಿಗೂ ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ ಹಾಕಿಸಬೇಕು. ಮುಂದೆ ವರ್ಷಕ್ಕೊಮ್ಮೆ.

ಬೆಕ್ಕು ಕಚ್ಚುವ ಮೊದಲು ಹೇಳಿಯೇ ಕಚ್ಚುತ್ತದೆ. ನಾಯಿ ಖುಷಿಯಾದರೆ ಬಾಲ ಅಲ್ಲಾಡಿಸುತ್ತದೆ. ಬೆಕ್ಕು ಸಿಟ್ಟು ಬಂದರೆ ಬಾಲ ಬಡಿಯುತ್ತದೆ. ಕಿವಿ ಹಿಂದಕ್ಕೆ ಮಡಚಿತು, ಬಾಲ ಆ ಕಡೆ ಈ ಕಡೆ ಬಡಿಯಿತು ಎಂದರೆ, "ಸಾಕು, ಕೈ ತಗಿ" ಎಂದು ಅರ್ಥ. ಬಾಲ ನೆಟ್ಟಗೆ ಎತ್ತಿ ಬಂದರೆ ನೆಂಟಸ್ತನ. ಕಾಲಿಗೆ ಕೆನ್ನೆ ಉಜ್ಜಿದರೆ ತನ್ನ ವಾಸನೆ ಹಚ್ಚುತ್ತಿದೆ, ಇವರು ನಮ್ಮವರು ಎಂದು. ಬೆನ್ನ ಮೇಲೆ ಮಲಗಿ ಹೊಟ್ಟೆ ತೋರಿಸಿದರೆ ಮುಟ್ಟಲು ಕರೆದಿಲ್ಲ. ಮುಟ್ಟಿದರೆ ನಾಲ್ಕೂ ಕಾಲಿನ ಉಗುರು ಬರುತ್ತವೆ. ಇದನ್ನು ಮಕ್ಕಳಿಗೆ ಹೇಳಿಕೊಡಿ.

ಬಸುರಿಯರಿಗೆ ಒಂದು ಮಾತು. ಬೆಕ್ಕಿನ ಹೇಲಿನಿಂದ ಒಂದು ರೋಗ ಬರಬಹುದು. ಅದು ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಅದಕ್ಕೆ ಬೆಕ್ಕನ್ನು ಹೊರಗೆ ಹಾಕಬೇಕಿಲ್ಲ. ಹೇಲು ಬಳಿಯುವ ಕೆಲಸ ಮನೆಯ ಬೇರೆಯವರು ಮಾಡಲಿ. ಗಂಡಸರೂ ಮಾಡಬಹುದು. ಬೆಕ್ಕು ಮೆತ್ತನೆಯ ಮಣ್ಣು, ಬೂದಿ ಕಂಡಲ್ಲಿ ಹೇತು ಮುಚ್ಚುತ್ತದೆ. ಹಿತ್ತಲಲ್ಲಿ ಮಣ್ಣು ಕೆದರಿ ಬಂದರೆ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಕಾಯಿಪಲ್ಲೆ ಚೆನ್ನಾಗಿ ತೊಳೆಯಿರಿ. ಸತ್ತ ಇಲಿ ತಂದು ಬಾಗಿಲಲ್ಲಿ ಇಟ್ಟರೆ ಬರಿಗೈಯಿಂದ ಮುಟ್ಟದೆ ಪ್ಲಾಸ್ಟಿಕ್ ಚೀಲದಿಂದ ಹಿಡಿದು ಹೂಳಿ. ಬಯ್ಯಬೇಡಿ. ಹಿಡಿದದ್ದನ್ನು ಯಾರೂ ಕಸಿಯದ ಜಾಗಕ್ಕೆ ತರುವುದು ಅದರ ರೂಢಿ. ಆ ಜಾಗ ನಿಮ್ಮ ಮನೆ.

ಇನ್ನು ಒಂದು ಉಳಿಯಿತು. ನೀವು ದೀಪದ ಕೆಳಗೆ ಕೂತು ಈ ಪುಸ್ತಕ ತೆರೆಯುತ್ತೀರಿ. ಒಂದೊಂದೇ ಅಕ್ಷರ ಕೂಡಿಸಿ ಓದುತ್ತೀರಿ. ಎಲ್ಲಿಂದಲೋ ಬೆಕ್ಕು ಬರುತ್ತದೆ. ಇಡೀ ಪಡಸಾಲೆ ಖಾಲಿ ಇದ್ದರೂ ಬಂದು ಪುಸ್ತಕದ ಮೇಲೆಯೇ ಕೂಡುತ್ತದೆ. ಓದಿಗೂ ಅದಕ್ಕೂ ಹಗೆ ಏನಿಲ್ಲ. ನಿಮ್ಮ ಕಣ್ಣು ಎಲ್ಲಿದೆಯೋ ಅಲ್ಲಿ ತಾನು ಇರಬೇಕು, ಅಷ್ಟೇ. ಪಕ್ಕದಲ್ಲಿ ಒಂದು ಹಳೆಯ ಬುಟ್ಟಿ ಇಡಿ. ಅದರಲ್ಲಿ ಹರಿದ ಸೀರೆಯ ತುಂಡು ಹಾಸಿ. ಸ್ವಲ್ಪ ಹೊತ್ತಿಗೆ ಅದರಲ್ಲಿ ಹೋಗಿ ಸುತ್ತಿಕೊಂಡು ಮಲಗುತ್ತದೆ. ಹೋಗದಿದ್ದರೆ ಅದರ ಬಾಲ ಎತ್ತಿ, ಕೆಳಗಿನ ಸಾಲು ಓದಿ.